ಹಳೆಯ ಉಣ್ಣೆಯ ಹೊಸ ಅಂಗಿ

ಮಾರ್ಗಶಿರದ ಚಳಿ ಕಾಲಿಟ್ಟಿತೆಂದರೆ ಬಸವನಗುಡಿಯ ಹಳೆಯ ಮನೆಗಳಲ್ಲಿ ಅಟ್ಟದ ಟ್ರಂಕುಗಳಿಗೆ ಕೆಳಗಿಳಿಯುವ ಯೋಗ. ಮುಚ್ಚಳ ತೆರೆದೊಡನೆ ನುಸಿಗುಳಿಗೆಯ ವಾಸನೆ ನಡುಮನೆಯನ್ನೆಲ್ಲ ತುಂಬುತ್ತದೆ. ಅಂಥದೊಂದು ಮನೆಯಲ್ಲಿ, ಯಜಮಾನರು ತೀರಿಕೊಂಡ ಮರುವರ್ಷ, ಅವರ ಬೂದುಬಣ್ಣದ ಸ್ವೆಟರು ಹೊರಬಿದ್ದಿತು. ಮೊಣಕೈಗಳು ಜಾಳಾಗಿದ್ದವು, ಮಿಕ್ಕದ್ದು ಗಟ್ಟಿಯಾಗಿಯೇ ಇದ್ದಿತು. 1968ರಲ್ಲಿ, ಮದುವೆಯಾದ ಹೊಸತರಲ್ಲಿ, ಅದನ್ನು ಹೆಣೆದವಳು ಆ ಮನೆಯ ಹಿರಿಯಾಕೆಯೇ. ಆಕೆ ಕನ್ನಡಕವೇರಿಸಿ ಕತ್ತರಿಯನ್ನು ಕೈಗೆತ್ತಿಕೊಂಡುದನ್ನು ಕಂಡು, ಮಗುವಿನೊಡನೆ ತವರಿಗೆ ಬಂದಿದ್ದ ಮಗಳು ಹೌಹಾರಿದಳು.

"ಅಮ್ಮ, ಅದೊಂದನ್ನು ಬಿಚ್ಚಬೇಡಮ್ಮ. ಅಪ್ಪನದು!"

"ಅಪ್ಪನದೆಂದು ನುಸಿಗೆ ಬಡಿಸಲೇನೇ? ನಿನ್ನ ಮಗನಿಗೆ ಬೆಚ್ಚನೆಯದೊಂದು ಬೇಡವೆ?"

ಮಗಳು ಮಾತನಾಡದೆ ಎದ್ದುಹೋದಳು. ಕತ್ತರಿ ಮಾತ್ರ ನಿಲ್ಲಲಿಲ್ಲ.

ಬಿಚ್ಚುವುದೂ ಒಂದು ವಿದ್ಯೆ. ಮೊದಲು ಮಗ್ಗುಲಿನ ಹೊಲಿಗೆಯ ದಾರವನ್ನಷ್ಟೇ ಕತ್ತರಿಸಬೇಕು; ಕತ್ತರಿ ತಪ್ಪಿ ಹೆಣಿಗೆಗೆ ತಗುಲಿತೋ, ಎಳೆ ತುಂಡಾಯಿತು. ಹೆಣೆಯುವಾಗ ಯಾವುದು ಕೊನೆಯೋ ಬಿಚ್ಚುವಾಗ ಅದೇ ಮೊದಲು. ಅಂಚಿನಿಂದ ಹೆಣೆದು ಕತ್ತಿನಲ್ಲಿ ಮುಗಿಸಿದ್ದರೆ ಕತ್ತಿನಿಂದಲೇ ಎಳೆಯಬೇಕು. ಅಂಗಡಿಯ ಸಿದ್ಧ ಸ್ವೆಟರುಗಳಲ್ಲಿ ಈ ಭಾಗ್ಯವಿಲ್ಲ. ಬಹುಪಾಲು ಬಟ್ಟೆಯಂತೆ ಕತ್ತರಿಸಿ ಹೊಲಿದವು, ಬಿಚ್ಚಿದರೆ ಸಿಗುವುದು ಮಾರುದ್ದದ ತುಂಡುಗಳು.

ಬಿಚ್ಚಿದ ಎಳೆ ಶಾವಿಗೆಯಂತೆ ಸುರುಳಿಸುರುಳಿಯಾಗಿ ಬರುತ್ತದೆ. ಅದನ್ನು ಹಾಗೆಯೇ ಹೆಣೆಯುವ ಅವಸರದವರೂ ಉಂಟು. ಅವರ ಸ್ವೆಟರು ಎಂದೂ ನೆಟ್ಟಗೆ ಕೂರುವುದಿಲ್ಲ. ಹಿರಿಯಾಕೆ ಕುರ್ಚಿಯ ಬೆನ್ನಿಗೆ ಎಳೆಯನ್ನು ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಅಂಟುವಾಳದ ನೊರೆಯ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿದಳು. ಹಿಂಡದೆ ಟವೆಲಿನಲ್ಲಿ ಒತ್ತಿ ನೆರಳಿನಲ್ಲಿ ತೂಗುಹಾಕಿದಳು. ನೀರು ಕುಡಿದ ಉಣ್ಣೆ ತನ್ನ ಹಳೆಯ ಡೊಂಕನ್ನು ಮರೆಯುತ್ತದೆ.

ಈ ಮಿತವ್ಯಯ ನಮ್ಮವರಿಗೇ ಮೀಸಲಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರ ಬಂದುದು 1941ರ ಜೂನ್ 1ರಂದು. ಪೂರ್ತಿ ತೊಲಗಿದ್ದು 1949ರಲ್ಲಿ. ಹೆಣಿಗೆಯ ಉಣ್ಣೆಗೂ ಕೂಪನ್ ಬೇಕಾಗಿದ್ದಿತು. 1943ರಲ್ಲಿ ಸರಕಾರವೇ 'ಮೇಕ್ ಡೂ ಅಂಡ್ ಮೆಂಡ್' ಎಂಬ ಕಿರುಹೊತ್ತಗೆ ಹೊರಡಿಸಿ, ಇದ್ದ ಬಟ್ಟೆಯನ್ನೇ ತಿದ್ದಿ ಉಡುವುದನ್ನು ಗೃಹಿಣಿಯರಿಗೆ ಬೋಧಿಸಿತು. ಬಸವನಗುಡಿಯ ಈ ತಾಯಿಗೆ ಯಾರ ಬೋಧನೆಯೂ ಬೇಕಿರಲಿಲ್ಲವೆನ್ನಿ.

ಮೊಣಕೈಯ ಸವೆದ ಎಳೆ ಬೇರೆಯಾಯಿತು. ಬೆನ್ನಿನ ಭಾಗ ಬಿಚ್ಚುವಾಗ ನಟ್ಟನಡುವೆ ದಪ್ಪ ಗಂಟೊಂದು ಕೈಗೆ ಸಿಕ್ಕಿತು. ಹೊಸ ಉಂಡೆಯನ್ನು ಸಾಲಿನ ಅಂಚಿನಲ್ಲಿ ಸೇರಿಸಬೇಕೆಂದು ಅರಿಯದ ಎಳೆಯ ಹುಡುಗಿಯ ಕೆಲಸ ಅದು. "ಬೆನ್ನಿಗೇನೋ ಒತ್ತುತ್ತದೆ ಎನ್ನುತ್ತಿದ್ದರು ನಿಮ್ಮಪ್ಪ. ನಾನು ಒಪ್ಪಿಕೊಳ್ಳಲೇ ಇಲ್ಲ" ಎಂದು ಆಕೆ ನಕ್ಕಳು. ನಗುತ್ತ ನಗುತ್ತ ಕನ್ನಡಕ ತೆಗೆದು ಒರೆಸಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಮಗಳು ಒಳಬಂದು, ಏನೂ ಹೇಳದೆ ಲಡಿಗೆ ಕೈಯೊಡ್ಡಿ ಕುಳಿತಳು. ತಾಯಿ ಉಂಡೆ ಸುತ್ತತೊಡಗಿದಳು.

ಹೆಣೆಯುವವರ ಯೋಗ್ಯತೆ ತಿಳಿಯಬೇಕಾದರೆ ಸ್ವೆಟರನ್ನು ಒಳಗುಮಾಡಿ ನೋಡಬೇಕು. ಇಳಿಬಿದ್ದ ತುದಿಗಳನ್ನು ಹಾಗೆಯೇ ಕತ್ತರಿಸಿಬಿಟ್ಟರೆ ನಾಲ್ಕು ಒಗೆತದಲ್ಲಿ ಕುಣಿಕೆಗಳು ಜಾರುತ್ತವೆ. ಗೇಣುದ್ದದ ತುದಿ ಬಿಟ್ಟು, ಮೊಂಡುಮೊನೆಯ ಸೂಜಿಯಿಂದ ಒಳಮಗ್ಗುಲಿನ ಕುಣಿಕೆಗಳಲ್ಲಿ ಎರಡು ಮೂರು ಅಂಗುಲ ಸಾಗಿಸಿ, ಮತ್ತೆ ಹಿಂತಿರುಗಿಸಬೇಕು. ಅಪ್ಪಟ ಉಣ್ಣೆಯಾದರೆ ಗಂಟಿನ ಗೊಡವೆಯೇ ಬೇಡ: ಎರಡು ತುದಿಗಳನ್ನೂ ಬಿಡಿಸಿ, ಒಂದರ ಮೇಲೊಂದಿಟ್ಟು, ಒದ್ದೆಮಾಡಿ ಅಂಗೈಗಳ ನಡುವೆ ಉಜ್ಜಿದರೆ ಒಂದೇ ಎಳೆಯಾಗುತ್ತದೆ. ಅಕ್ರಿಲಿಕ್ ನೂಲು ಈ ಉಪಚಾರಕ್ಕೆ ಒಲಿಯುವುದಿಲ್ಲ; ಬಿಸಿ ಇಸ್ತ್ರಿ ತಾಕಿದರಂತೂ ಜೀವವಿಲ್ಲದೆ ಜೋತುಬೀಳುತ್ತದೆ.

ತೋಳಿನ ಕೊನೆಗೆ ಉಣ್ಣೆ ಸಾಲದಾಯಿತು. ಟ್ರಂಕಿನ ತಳದಲ್ಲಿ ಮಗಳದೇ ಎಳವೆಯ ಕೆಂಪು ಟೋಪಿಯೊಂದಿತ್ತು. ಈ ಬಾರಿ ಅದನ್ನು ಬಿಚ್ಚಿದವಳು ಮಗಳು. ಮುಂಗೈಗಳಿಗೆ ಎರಡೆರಡು ಕೆಂಪು ಪಟ್ಟೆ ಬಂದವು. ತುಂಡುಗಳನ್ನು ಒದ್ದೆಮಾಡಿ, ಟವೆಲಿನ ಮೇಲೆ ಅಳತೆಗೆ ಹರಡಿ, ಗುಂಡುಸೂಜಿ ಚುಚ್ಚಿ ಒಣಗಿಸಿದ ಮೇಲೆ ಅದೇ ಉಣ್ಣೆಯಿಂದ ಮಗ್ಗುಲು ಹೊಲಿದದ್ದಾಯಿತು.

ಮಗು ಅದನ್ನು ತೊಟ್ಟು ಅಂಗಳಕ್ಕೆ ಓಡುವ ಮುನ್ನ ಅಜ್ಜಿ ಹಿಡಿದು ನಿಲ್ಲಿಸಿದಳು. "ಕತ್ತಿನ ತುದಿ ಎಲ್ಲಿದೆಯೆಂದು ನೋಡಿಕೊಂಡಿರೇ. ಹುಡುಗ ಬೆಳೆಯುತ್ತಾನೆ, ಮುಂದೆ ಬಿಚ್ಚುವವಳು ನೀನು."

ಮಗಳು ಪಟ್ಟಿಯ ಒಳಗೆ ಬೆರಳಾಡಿಸಿ ಹುಡುಕಿದಳು. ತುದಿ ಸಿಕ್ಕಲು ಸ್ವಲ್ಪ ಹೊತ್ತೇ ಹಿಡಿಯಿತು.