ಏಳ್ತಿಲ್ಲೆ ಮಾರಾಯ್ರೆ

ಕುಂದಾಪುರದ ಕಡೆ ಕಂಪ್ಯೂಟರ್ ಕೆಟ್ಟರೆ ‘ಹಾಳಾಯ್ತು’ ಎನ್ನುವವರು ಕಮ್ಮಿ. ‘ಏಳ್ತಿಲ್ಲೆ’ ಎನ್ನುತ್ತಾರೆ. ಮಳೆಗಾಲದ ಬೆಳಗ್ಗೆ ಕಂಬಳಿ ಎಳೆದುಕೊಂಡು ಮಲಗಿದ ಮಾಣಿಯ ಬಗ್ಗೆ ಹೇಳಿದ ಹಾಗೆ. ಇಂಗ್ಲಿಷಿನವರು ಇದಕ್ಕೆ ‘ಬೂಟ್’ ಎನ್ನುತ್ತಾರಂತೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ತಾನೇ ಎತ್ತಿಕೊಳ್ಳುವುದು ಎಂಬಲ್ಲಿಂದ ಬಂದ ಮಾತು. ವರ್ಷಪೂರ್ತಿ ಹವಾಯಿ ಚಪ್ಪಲಿಯಲ್ಲೇ ಓಡಾಡುವ ನಮಗೆ ಆ ಸೌಕರ್ಯ ಇಲ್ಲ.

ನಮ್ಮ ಮನೆಯ ಪೆಟ್ಟಿಗೆ ಬಂದದ್ದು 2009ರಲ್ಲಿ, ಮಗಳ ಪಿಯುಸಿಗೆಂದು. ಮನೆ ಮರವಂತೆಯಲ್ಲಿ. ಹೆದ್ದಾರಿಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ನದಿ. ಪ್ರವಾಸಿಗಳು ಕಾರು ನಿಲ್ಲಿಸಿ ಫೋಟೊ ತೆಗೆಯುವ ಜಾಗ. ಅಲ್ಲೇ ಸಂಸಾರ ಹೂಡಿದವರ ಪಾಡು ಬೇರೆ. ನಮ್ಮ ಬಾಗಿಲಿನ ತಿರುಗಣಿಗೆ ತುಕ್ಕು, ಕೊಡೆಯ ಕಡ್ಡಿಗೆ ತುಕ್ಕು. ಸಂಜೆ ಕನ್ನಡಕ ಒರೆಸಿದರೆ ಬಟ್ಟೆಗೆ ಉಪ್ಪು. ಇಂಥ ಗಾಳಿಯನ್ನು ಕಂಪ್ಯೂಟರಿನ ಹೊಟ್ಟೆಯೊಳಗೆ ಎಳೆದುಕೊಳ್ಳಲೆಂದೇ ಅದಕ್ಕೆ ಫ್ಯಾನು ಬೇರೆ ಇಟ್ಟಿದ್ದಾರೆ.

ಮೊದಲ ಸಲ ಏಳದೆ ಹೋದದ್ದು ಒಂದು ಆಸಾಡಿ ತಿಂಗಳಲ್ಲಿ. ಗುಂಡಿ ಒತ್ತಿದೆ. ಹಸಿರು ದೀಪ ಉರಿಯಿತು, ಫ್ಯಾನು ತಿರುಗಿತು, ಪರದೆಯ ಮೇಲೆ ಮಾತ್ರ ಅಮಾವಾಸ್ಯೆ. ಸ್ವಲ್ಪ ಹೊತ್ತಿಗೆ ಒಳಗಿಂದ ‘ಕೂಂ... ಕೂಂ...’ ಎಂದು ಉದ್ದುದ್ದ ಕೂಗು. ಆಮೇಲೆ ಗೊತ್ತಾಯಿತು, ಈ ಯಂತ್ರಕ್ಕೂ ಯಕ್ಷಗಾನದ ಹಾಗೆ ವೇಷ ಕಟ್ಟುವ ಒಂದು ಚೌಕಿ ಇದೆ. ಪರದೆಗೆ ಬರುವ ಮೊದಲು ಪ್ರೊಸೆಸರ್ ಬಂತಾ, ರ‍್ಯಾಮ್ ಬಂತಾ, ಚಿತ್ರ ಮೂಡಿಸುವವ ಬಂದನಾ ಎಂದು ಅದು ಒಬ್ಬೊಬ್ಬರನ್ನೇ ಲೆಕ್ಕ ಹಾಕುತ್ತದೆ. ಎಲ್ಲರೂ ಇದ್ದರೆ ಚಿಕ್ಕದೊಂದು ‘ಪೀಂ’, ಆಟ ಶುರು. ರ‍್ಯಾಮ್ ಕಾಣದಿದ್ದರೆ ಉದ್ದ ಕೂಗು. ನಮ್ಮ ಪೆಟ್ಟಿಗೆ ಅಂದು ಕೂಗಿದ್ದು ಅದನ್ನೇ. ನಲವತ್ತು ವರ್ಷ ಚೆಂಡೆ ಕೇಳಿದ ಕಿವಿಗೂ ಆ ಪೆಟ್ಟಿನ ಅರ್ಥ ಹೊಳೆಯಲಿಲ್ಲ.

ಬೆಂಗಳೂರಿನ ಮಗಳಿಗೆ ಫೋನ್ ಮಾಡಿದೆ. ಸಾಫ್ಟ್‌ವೇರಿನಲ್ಲಿ ಇರುವವಳು.

‘ಅಪ್ಪಯ್ಯ, ರೀಸ್ಟಾರ್ಟ್ ಮಾಡಿ ಕಂಡ್ಯಾ?’

‘ಸ್ಟಾರ್ಟೇ ಆಗದ್ದನ್ನ ರೀಸ್ಟಾರ್ಟ್ ಹ್ಯಾಂಗ್ ಮಾಡುದ್ ಹೆಣೆ?’

ನೆರೆಮನೆಯವರ ಸಲಹೆ ಇನ್ನೂ ನೇರವಾಗಿತ್ತು: ‘ಮಾಷ್ಟ್ರೆ, ಒಂದ್ ಪ್ರಶ್ನೆ ಇಡ್ಸಿ ಕಾಣಿ.’

ಜೋಯಿಸರಲ್ಲಿ ಪ್ರಶ್ನೆ ಇಡಿಸಲಿಲ್ಲ. ಪೆಟ್ಟಿಗೆಯನ್ನು ಹಳೆ ಬೈರಾಸಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕುಂದಾಪುರದ ಬಸ್ಸು ಹತ್ತಿದೆ. ಅಂಗಡಿಯ ಮಾಣಿ ವಯರು ಸಿಕ್ಕಿಸಿ ಗುಂಡಿ ಒತ್ತಿದ. ‘ಪೀಂ’ ಎಂದಿತು, ಎದ್ದು ಕೂತಿತು. ಡಾಕ್ಟರ ಎದುರು ಜ್ವರ ಬಿಟ್ಟ ಮಗುವಿನ ಅಪ್ಪನಂತೆ ನಾನು ನಿಂತಿದ್ದೆ. ‘ಎಂತದೂ ಆಯ್ಲಿಲ್ಲೆ ಸರ್, ಸಮ ಇತ್ತ್’ ಎಂದ. ಮನೆಗೆ ತಂದೆ. ಏಳಲಿಲ್ಲ. ಮತ್ತೆ ಒಯ್ದೆ. ಎದ್ದಿತು. ಮೂರನೆಯ ಸಲ ಬಸ್ಸಿನ ಕಂಡಕ್ಟರ್ ಪೆಟ್ಟಿಗೆಯನ್ನು ಗುರುತು ಹಿಡಿದು, ನನಗಿಂತ ಮೊದಲು ಅದಕ್ಕೆ ಸೀಟು ತೋರಿಸಿದ.

ಗುಟ್ಟು ಬಸ್ಸಿನಲ್ಲೇ ಇತ್ತು. ಅದು ಕುಲುಕಿದ್ದಕ್ಕೆ ಸ್ಲಾಟಿನಲ್ಲಿ ಸಡಿಲಾಗಿ ಕೂತಿದ್ದ ರ‍್ಯಾಮ್ ಅಲುಗಿ ಸರಿಯಾಗಿ ತಾಗುತ್ತಿತ್ತು. ಅಂಗಡಿಯಲ್ಲಿ ಏಸಿ, ಒಣ ಗಾಳಿ. ಮನೆಯಲ್ಲಿ ಒಂದು ರಾತ್ರಿ ಕಳೆದರೆ ಮತ್ತೆ ತೇವ. ಮೂರನೆಯ ಸಲ ಮಾಣಿ ಮುಚ್ಚಳ ಬಿಚ್ಚಿ, ‘ಸರ್, ರಬ್ಬರ್ ಇತ್ತಾ?’ ಎಂದು ಕೇಳಿದ. ಮೂವತ್ತು ವರ್ಷ ಮಕ್ಕಳ ಪರಿಮಳದ ರಬ್ಬರುಗಳನ್ನು ಕಸಿದು ಮೇಜಿನ ಖಾನೆಗೆ ಹಾಕಿಕೊಂಡವ ನಾನು. ಬೇಕಾದ ದಿನ ಕಿಸೆಯಲ್ಲಿ ಒಂದೂ ಇರಲಿಲ್ಲ. ಪಕ್ಕದ ಅಂಗಡಿಯಿಂದ ತಂದುಕೊಟ್ಟೆ. ರ‍್ಯಾಮಿನ ಅಂಚಿನಲ್ಲಿ ಸಾಲಾಗಿ ಚಿನ್ನದ ಲೇಪದ ಹಲ್ಲುಗಳಿರುತ್ತವೆ. ಅವನ್ನು ಮೆಲ್ಲಗೆ ಉಜ್ಜಿ, ಪುಡಿ ಊದಿ, ಎರಡೂ ಕಡೆ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿದ.

ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ ತಾನೆ ಎಂದು ನಾನು ವಾದ ಹೂಡಿದೆ. ಆದರೆ ಲೇಪ ಬಲು ತೆಳು, ಅದರ ಸಣ್ಣ ರಂಧ್ರಗಳ ಕೆಳಗೆ ನಿಕ್ಕಲು, ತಾಮ್ರ. ಉಪ್ಪು ಗಾಳಿಯ ನೀರನ್ನು ಹೀರುತ್ತದೆ. ಉಪ್ಪುನೀರಿನ ತೆಳ್ಳನೆ ಪೊರೆ ಕೂತರೆ ಬೇಡದಲ್ಲಿ ವಿದ್ಯುತ್ತು ಹರಿಯುತ್ತದೆ, ಬೇಕಾದಲ್ಲಿ ಕಿಲುಬು ಅಡ್ಡ ಬರುತ್ತದೆ. ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕುವ ನನ್ನ ಹೆಂಡತಿಗೆ ಇದು ಒಂದೇ ಮಾತಿಗೆ ಅರ್ಥವಾಯಿತು. ಹುಣಸೆಹಣ್ಣು ತರಲು ಎದ್ದವಳನ್ನು ತಡೆಯುವುದೇ ಕಷ್ಟವಾಯಿತು.

ಮುಂದಿನ ವರ್ಷ ಫ್ಯಾನೂ ತಿರುಗಲಿಲ್ಲ. ಈ ಸಲ ಬೈಂದೂರಿಗೆ ಒಯ್ದೆ. ಎಸ್‌ಎಂಪಿಎಸ್ ಡಬ್ಬಿ ಬಿಚ್ಚಿದರೆ ಒಳಗೆ ಒಣಗಿದ ಹಲ್ಲಿ. ಗೋಡೆಯ 230 ವೋಲ್ಟನ್ನು 12, 5, 3.3 ಎಂದು ಸಣ್ಣ ಸಣ್ಣ ಪಾಲು ಮಾಡುವ ಡಬ್ಬಿ ಅದು. ಬೆಚ್ಚಗಿರುತ್ತದೆ ಎಂದು ಮಳೆಗಾಲದಲ್ಲಿ ಹಲ್ಲಿ ಹೊಕ್ಕಿದೆ. ತಲೆಯ ಮೇಲೆ, ಹೆಗಲ ಮೇಲೆ, ಬಲಗಾಲ ಮೇಲೆ ಹಲ್ಲಿ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿ ಬರೆದಿದೆ. ಎಸ್‌ಎಂಪಿಎಸ್ ಒಳಗೆ ಬಿದ್ದರೆ ಧನನಷ್ಟ ಎಂದು ನಾನೇ ಪೆನ್ನಿನಲ್ಲಿ ಸೇರಿಸಿದೆ.

ಇನ್ನೊಂದು ಸಲ ಬ್ರಹ್ಮಾವರಕ್ಕೆ ಒಯ್ದೆ. ಅಲ್ಲಿಯ ಮೆಕ್ಯಾನಿಕ್ಕು ಮಾತ್ರ ಗಂಭೀರ ಮನುಷ್ಯ. ಬೋರ್ಡಿನ ಮೇಲೆ ಹೊಟ್ಟೆ ಉಬ್ಬಿದ ಎರಡು ಕೆಪಾಸಿಟರುಗಳನ್ನು ತೋರಿಸಿ, ‘ಇದ್ ಆಯಿತ್, ಹೊಸ್ತ್ ತಕಣಿ’ ಎಂದ. ಅವನ ಮಾತು ಸುಳ್ಳಲ್ಲ. ಆದರೂ ಅವೆರಡನ್ನೇ ಬದಲಿಸಿ ಬೆಸುಗೆ ಹಾಕಿಸಿಕೊಂಡು ಬಂದೆ.

ಹೊಸತು ಯಾಕೆ ಬೇಡ ಎಂದು ಮಗಳು ಈಗಲೂ ಕೇಳುತ್ತಾಳೆ. ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಜೋಡಿಸಿಕೊಟ್ಟ ಕೀಲಿಮಣೆ ವಿನ್ಯಾಸದಲ್ಲಿ ನಾನು ಕನ್ನಡ ಒತ್ತಲು ಕಲಿತದ್ದು ಇದರ ಮೇಲೆ. ಗುಂಡಿಗಳ ಅಕ್ಷರ ಅಳಿಸಿಹೋಗಿದೆ, ಬೆರಳಿಗೆ ಗೊತ್ತಿದೆ. ಇನ್ನೊಂದು ಕಾರಣವನ್ನು ಅವಳಿಗೆ ಹೇಳಿಲ್ಲ. ಬೋರ್ಡಿನ ಮೇಲಿನ ಗುಂಡು ಬ್ಯಾಟರಿ ಸತ್ತು ತಿಂಗಳಾನುಗಟ್ಟಲೆ ನಾನು ಬದಲಿಸಿರಲಿಲ್ಲ. ಸಿಆರ್ 2032 ಎಂದು ಅದರ ಹೆಸರು, ಹೆಸರಲ್ಲೇ ಅಳತೆ: 20 ಮಿಲಿಮೀಟರ್ ಅಗಲ, 3.2 ದಪ್ಪ. ಅದಿಲ್ಲದಿದ್ದರೆ ಕರೆಂಟು ಹೋದಾಗಲೆಲ್ಲ ಯಂತ್ರಕ್ಕೆ ಕಾಲ ಮರೆಯುತ್ತದೆ. ದಿನಾ ಬೆಳಗ್ಗೆ ಪರದೆಯ ಮೂಲೆಯಲ್ಲಿ 1-1-2009. ಬೈಂದೂರು ತಾಲೂಕು ಆದದ್ದು 2018ರಲ್ಲಿ. ಈ ಯಂತ್ರದ ಲೆಕ್ಕಕ್ಕೆ ನಾವಿನ್ನೂ ಕುಂದಾಪುರ ತಾಲೂಕಿನವರೇ. ನಾನಿನ್ನೂ ಶಾಲೆಗೆ ಹೋಗುತ್ತಿದ್ದೇನೆ. ಒಳಕೋಣೆಯಲ್ಲಿ ಅಮ್ಮ ಕೆಮ್ಮುತ್ತಿದ್ದಾಳೆ. ಬ್ಯಾಂಕಿನ ಪುಟ ಮಾತ್ರ ಈ ತಾರೀಕನ್ನು ಒಪ್ಪದೆ ಬಾಗಿಲು ತೆರೆಯಲಿಲ್ಲ. ಕೊನೆಗೆ ವಾಚಿನ ಅಂಗಡಿಯಿಂದ ಬ್ಯಾಟರಿ ತಂದೆ.

ಸಿಡಿಲಿನ ಪಾಠ ಕಲಿಸಿದ್ದು ಅಮ್ಮನೇ. ಏಪ್ರಿಲ್, ಮೇ ಸಂಜೆಗಳಲ್ಲಿ ಘಟ್ಟದ ಕಡೆ ಮೊದಲ ಗುಡುಗು ಕೇಳಿದೊಡನೆ ಅವಳು ರೇಡಿಯೊದ ಏರಿಯಲ್ ತಂತಿ ಕಿತ್ತು ಕಿಟಕಿಯ ಹೊರಗೆ ಎಸೆಯುತ್ತಿದ್ದಳು. ಈಗ ನಾನು ಪ್ಲಗ್ಗು ಕೀಳುತ್ತೇನೆ. ಸ್ವಿಚ್ಚು ಆರಿಸಿದರೆ ಸಾಲದು. ಇಂಟರ್‌ನೆಟ್ಟಿನ ವಯರನ್ನೂ ಕೀಳಬೇಕು. ಪ್ಲಗ್ಗು ಕಿತ್ತು ಇದನ್ನು ಮರೆತು ಬೋರ್ಡು ಸುಟ್ಟುಕೊಂಡವರು ನಮ್ಮ ಕೇರಿಯಲ್ಲೇ ಇದ್ದಾರೆ. ಜುಲೈಯ ಜಡಿಮಳೆಯಲ್ಲಿ ಗುಡುಗು ಕಮ್ಮಿ, ತೇವದ್ದೇ ಕಾಟ. ಆಗ ಯಂತ್ರಕ್ಕೆ ರಜೆ ಕೊಡಬಾರದು. ಕೆಲಸವಿರಲಿ ಇಲ್ಲದಿರಲಿ ದಿನಕ್ಕೊಂದು ಗಂಟೆ ಹಚ್ಚಿಟ್ಟರೆ ಅದರ ಕಾವಿಗೇ ಒಳಗಿನ ತೇವ ಆರುತ್ತದೆ. ಹಪ್ಪಳದ ಡಬ್ಬಿಯನ್ನು ಒಲೆಯ ಹತ್ತಿರ ಇಟ್ಟ ಹಾಗೆ ಎಂದರೆ ನಮ್ಮವರಿಗೆ ಬೇಗ ತಿಳಿಯುತ್ತದೆ.

ನಿನ್ನೆ ಮತ್ತೆ ‘ಕೂಂ... ಕೂಂ...’ ಎಂದಿತು. ಉಜ್ಜಿದೆ, ಕೂರಿಸಿದೆ, ಎದ್ದಿತು. ಆದರೆ ಎರಡು ರ‍್ಯಾಮುಗಳಲ್ಲಿ ಒಂದು ಪೂರಾ ಸತ್ತಿದೆ. ಡಿಡಿಆರ್-2, ಈಗ ಹೊಸತು ಅಂಗಡಿಯಲ್ಲಿ ಸಿಗುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸುತ್ತಿನಲ್ಲಿ ಯಾರ ಅಟ್ಟದಲ್ಲಾದರೂ ಹಳೆ ಪೆಟ್ಟಿಗೆ ಬಿದ್ದಿದ್ದರೆ ಗುಜರಿಯವನಿಗೆ ಹಾಕುವ ಮೊದಲು ಒಂದು ಮಾತು ತಿಳಿಸಿ. ಬಸ್ಸು ಹತ್ತಿ ನಾನೇ ಬರುತ್ತೇನೆ.