ಕುಮಾರಧಾರೆಯ ಬೆನ್ನು ಹಿಡಿದು ಅಳಿವೆಗೆ

ಪುತ್ತೂರು, ಕಡಬ ಕಡೆಯ ಮಕ್ಕಳಿಗೆ ಕಡಲೆಂದರೆ ರಜೆಯಲ್ಲಿ ನೋಡಿ ಬರುವ ಜಾಗ. ಪಣಂಬೂರಿನ ಅಲೆ, ಒಂದು ಪೊಟ್ಟಣ ಚರುಮುರಿ, ಅಲ್ಲಿಗೆ ಮುಗಿಯಿತು. ಆದರೆ ಆಲಂಕಾರಿನ ಪಕ್ಕದ ಶಾಂತಿಮೊಗರಿನಲ್ಲಿ ಸೇತುವೆಯ ಕೆಳಗೆ ಹರಿಯುವ ಕುಮಾರಧಾರೆ ಹೋಗುವುದೂ ಅದೇ ಕಡಲಿಗೆ. ಅದರ ಬೆನ್ನು ಹಿಡಿದು ನಾವೂ ಹೊರಟೆವು. ಎಂಟನೆಯ ತರಗತಿಯವರು ಮಾತ್ರ. ಹತ್ತನೆಯವರಿಗೆ ಪುರುಸೊತ್ತು ಎಲ್ಲಿದೆ?

ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಸೇರುತ್ತದೆ. ಮುಂದೆ ತುಂಬೆಯ ಕಿಂಡಿ ಅಣೆಕಟ್ಟು. ಮಂಗಳೂರು ಕುಡಿಯುವುದು ಇಲ್ಲಿಯ ನೀರನ್ನೇ. ಮಂಗಳೂರಿನ ಹಳೆ ಬಂದರಿನಿಂದ ದೋಣಿ ದಾಟಿದರೆ ಬೆಂಗ್ರೆ. ಒಂದು ಬದಿ ಗುರುಪುರ ಹೊಳೆ, ಇನ್ನೊಂದು ಬದಿ ಅರಬ್ಬಿ ಸಮುದ್ರ, ನಡುವೆ ಉದ್ದನೆಯ ಮರಳ ಪಟ್ಟಿ. ಅದರ ದಕ್ಷಿಣ ತುದಿಯೇ ಅಳಿವೆ ಬಾಗಿಲು. ಎರಡೂ ಹೊಳೆಗಳು ಕೂಡಿ ಕಡಲಿಗೆ ಬೀಳುವುದು ಇಲ್ಲಿ.

ನಮ್ಮ ಸಾಮಗ್ರಿ ಸರಳ: ಕೆಲವು ಬಾಟಲಿ, ಹಗ್ಗ, ಕಲ್ಲು. ತೆರೆದ ಕಡಲಿನ ಒಂದು ಲೀಟರ್ ನೀರನ್ನು ಆವಿ ಮಾಡಿದರೆ ಸುಮಾರು 35 ಗ್ರಾಂ ಉಪ್ಪು ಉಳಿಯುತ್ತದೆ. ಹೊಳೆಯ ನೀರಿನಲ್ಲಿ ಪಾತ್ರೆಗೆ ತೆಳ್ಳಗೆ ಅಂಟುವಷ್ಟೇ. ಅಳಿವೆ ಮಾತ್ರ ಒಂದೇ ಉತ್ತರ ಕೊಡುವುದಿಲ್ಲ. ಭರತಕ್ಕೊಂದು, ಇಳಿತಕ್ಕೊಂದು, ಬೇಸಗೆಗೊಂದು, ಮಳೆಗಾಲಕ್ಕೊಂದು. ಉಪ್ಪುನೀರು ಭಾರ. ಅದು ಸಿಹಿನೀರಿನ ಅಡಿಯಲ್ಲಿ ನುಸುಳಿ ಬರುತ್ತದೆ. ಆದ್ದರಿಂದ ಮೇಲ್ನೀರು ತುಂಬಿಸಿದರೆ ಸಾಲದು. ಬಾಟಲಿಗೆ ಕಲ್ಲು ಕಟ್ಟಿ ಕೆಳಗಿಳಿಸಿ, ಬಿರಡೆಯನ್ನು ಇನ್ನೊಂದು ಹಗ್ಗದಿಂದ ಎಳೆಯಬೇಕು.

ಇದು ಬರೀ ಪಾಠದ ಲೆಕ್ಕವಲ್ಲ. 1991ರಲ್ಲಿ ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ತಂದಿತು. 2011ರ ಅಧಿಸೂಚನೆಯ ಪ್ರಕಾರ, ಕಡು ಬೇಸಗೆಯಲ್ಲಿ ಲೀಟರಿಗೆ ಸುಮಾರು 5 ಗ್ರಾಂ ಉಪ್ಪು ಸಿಗುವಲ್ಲಿಯವರೆಗೆ ಹೊಳೆಯ ದಂಡೆಗೂ ರಕ್ಷಣೆಯುಂಟು. ಆ ದಂಡೆಯ ಅಗಲ ಆಗ 100 ಮೀಟರ್ ವರೆಗೆ ಇತ್ತು. 2019ರಲ್ಲಿ 50ಕ್ಕೆ ಇಳಿಯಿತು. ಇಳಿಸಬಾರದಿತ್ತು ಎಂಬುದು ನನ್ನ ಅಭಿಪ್ರಾಯ.

ಆಲಂಕಾರು ಈ ಗೆರೆಯಿಂದ ಬಹಳ ಮೇಲಿದೆ. ಕಡಲಿನ ಕಾನೂನು ನಮ್ಮನ್ನು ಮುಟ್ಟುವುದಿಲ್ಲ. ಆದರೆ ಸಿಹಿನೀರಿನ ದೊಡ್ಡ ಸಿಗಡಿಗೆ ಗೆರೆಯೆಂಬುದೇ ಇಲ್ಲ. ಹೊಳೆಯಲ್ಲಿ ಬೆಳೆದ ಹೆಣ್ಣು ಸಿಗಡಿ ಮೊಟ್ಟೆ ಹೊತ್ತು ಅಳಿವೆಗೆ ಇಳಿಯುತ್ತದೆ. ಮರಿಗಳಿಗೆ ಮೊದಲ ಕೆಲವು ವಾರ ಸ್ವಲ್ಪ ಉಪ್ಪಿರುವ ನೀರೇ ಬೇಕು. ಆಮೇಲೆ ಅವು ಪುನಃ ಹೊಳೆ ಹತ್ತುತ್ತವೆ, ದಾರಿಯಲ್ಲಿ ಅಣೆಕಟ್ಟು ಅಡ್ಡವಾಗದಿದ್ದರೆ.

ಇನ್ನು ನಮ್ಮ ತೋಟಗಳ ವಿಷಯ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡದೆ ಅಡಿಕೆ ಉಳಿಯದು. ಅದನ್ನು ನಿಲ್ಲಿಸಿ ಎನ್ನಲು ನಾನು ಹುಚ್ಚನಲ್ಲ. ಆದರೆ ಅದರಲ್ಲಿರುವ ಮೈಲುತುತ್ತು ತಾಮ್ರದ ಲವಣ. ಸಿಗಡಿ, ಮೀನಿನ ಮರಿಗಳಿಗೆ ಅಲ್ಪ ತಾಮ್ರವೂ ವಿಷ. ಮದ್ದು ಬಿಟ್ಟ ಡ್ರಮ್ಮು, ಪಂಪುಗಳನ್ನು ತೋಡಿಗೆ ಒಯ್ದು ತೊಳೆಯುವ ಬದಲು ತೋಟದ ಮೂಲೆಯಲ್ಲಿ, ನೀರಿನಿಂದ ದೂರ ತೊಳೆದರೆ ಖರ್ಚೇನೂ ಹೆಚ್ಚುವುದಿಲ್ಲ. ಬೆಂಗ್ರೆಯ ಮರಳಿನಲ್ಲಿ ಕೂತು ಇದನ್ನು ಹೇಳಿದಾಗ ಒಬ್ಬ ಹುಡುಗ, "ಸರ್, ಇದನ್ನು ಅಪ್ಪನಿಗೆ ನೀವೇ ಹೇಳಬೇಕು" ಎಂದ. ಹೇಳಿದ್ದೇನೆ.

ಹೋಗುವವರು ಭರತ-ಇಳಿತದ ಸಮಯ ಕೇಳಿಕೊಂಡು ಹೋಗಿ. ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ತಡವಾಗುತ್ತದೆ. ಅಳಿವೆಯಲ್ಲಿ ಸೆಳೆತ ಜೋರು, ಮಕ್ಕಳನ್ನು ನೀರಿಗೆ ಇಳಿಸಬೇಡಿ. ಆಟಿಯಲ್ಲಿ ಮದ್ದು ಬಿಡುವ ಹೊತ್ತಿಗೆ ನಾವು ಇನ್ನೊಮ್ಮೆ ನೀರು ಹಿಡಿಯಬೇಕೆಂದಿದ್ದೇವೆ. ಆಗ ಬೆಂಗ್ರೆಯ ತುದಿಗೆ ಹೋಗುವುದಿಲ್ಲ, ಹಳೆ ಬಂದರಿನ ಧಕ್ಕೆಯಲ್ಲಿ ನಿಂತೇ ಬಾಟಲಿ ಇಳಿಸುತ್ತೇವೆ.