ಪ್ಲಸ್ ಒನ್ ನೆನಪಿದೆಯಾ?

2011ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಹುಡುಕಾಟದ ಫಲಿತಾಂಶಗಳ ಪಕ್ಕ 'ಪ್ಲಸ್ ಒನ್' ಅನ್ನೋ ಪುಟ್ಟ ಬಟನ್ ಇಟ್ಟಿತ್ತು. ಜೂನ್ ಹೊತ್ತಿಗೆ ಅದು ಬೇರೆ ಜಾಲತಾಣಗಳಿಗೂ ಬಂತು. ಫೇಸ್‌ಬುಕ್‌ನ ಲೈಕ್ ಅದಕ್ಕೂ ವರ್ಷ ಮೊದಲೇ ಹೊರಗಿನ ತಾಣಗಳಿಗೆ ಕಾಲಿಟ್ಟಿತ್ತು. ಮೈಕ್ರೋಸಾಫ್ಟ್‌ನ ಬಿಂಗ್ ಆ ಲೈಕ್‌ಗಳನ್ನು ತನ್ನ ಫಲಿತಾಂಶದಲ್ಲಿ ತೋರಿಸತೊಡಗಿತ್ತು. ಗೂಗಲ್ ಸುಮ್ಮನಿರುತ್ತಾ?

ಆಗ ನೀವು ಕ್ಯಾಮೆರಾ ಹುಡುಕಿದಿರಿ ಅನ್ನಿ. ಒಂದು ಲಿಂಕ್ ಕೆಳಗೆ ಗೆಳೆಯನ ಪುಟ್ಟ ಮುಖ, ಅವನು ಇದಕ್ಕೆ ಪ್ಲಸ್ ಒನ್ ಕೊಟ್ಟಿದ್ದಾನೆ ಅಂತ ಒಂದು ಸಾಲು. ಕೈ ತಾನಾಗಿ ಅಲ್ಲಿಗೇ ಹೋಗುತ್ತೆ. ಆ ಗೆಳೆಯನಿಗೆ ಕ್ಯಾಮೆರಾ ಬಗ್ಗೆ ಏನು ಗೊತ್ತು ಅಂತ ಯಾರು ಕೇಳ್ತಾರೆ! (ನನ್ನ ಗೆಳೆಯರಲ್ಲಿ ಅರ್ಧ ಜನ ಓದದೆಯೇ ಲೈಕ್ ಒತ್ತುವವರು.)

ಗೂಗಲ್ ಹೆಸರು ಮಾಡಿದ್ದು ಪುಟಗಳ ತೂಕ ಅಳೆಯುವ ಪೇಜ್‌ರ‍್ಯಾಂಕ್ ಅನ್ನೋ ಪದ್ಧತಿಯಿಂದ. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ವೋಟು ಹಾಕಿದ ಹಾಗೆ. ಆದರೆ ಲಿಂಕ್ ಕೊಡೋಕೆ ಸ್ವಂತದ್ದೊಂದು ಪುಟ ಬೇಕು, ನಾಲ್ಕು ಸಾಲು ಬರೀಬೇಕು. ಬಟನ್‌ಗೆ ಬೆರಳಿದ್ದರೆ ಸಾಕು. ಅದಕ್ಕೇ ಪ್ಲಸ್ ಒನ್‌ಗಳನ್ನು ನೂರು, ಇನ್ನೂರರ ಲೆಕ್ಕದಲ್ಲಿ ಮಾರುವವರು ಬೇಗನೆ ಹುಟ್ಟಿಕೊಂಡರು. ಹೆಚ್ಚು ಒತ್ತಿಸಿದರೆ ಪುಟ ಮೇಲೇರುತ್ತೆ ಅನ್ನೋ ನಂಬಿಕೆಯೇ ಅವರ ಬಂಡವಾಳ. ಗೂಗಲ್‌ನ ಮ್ಯಾಟ್ ಕಟ್ಸ್ 2013ರಲ್ಲಿ ಇದನ್ನು ಅಲ್ಲಗಳೆದರು. ಬರಹ ಚೆನ್ನಾಗಿದ್ದರೆ ಮೆಚ್ಚುಗೆಯೂ ಬರುತ್ತೆ, ಲಿಂಕೂ ಬರುತ್ತೆ. ಮೆಚ್ಚುಗೆಯಿಂದಲೇ ರ‍್ಯಾಂಕ್ ಏರುತ್ತೆ ಅನ್ನಬೇಡಿ ಅನ್ನೋದು ಅವರ ವಾದದ ತಿರುಳು. ಮಾರುವವರು ಕಿವಿಗೆ ಹಾಕಿಕೊಳ್ಳಲಿಲ್ಲ ಬಿಡಿ.

2019ರ ಏಪ್ರಿಲ್‌ನಲ್ಲಿ ಈ ಬಟನ್ ಬೆಸೆದುಕೊಂಡಿದ್ದ ಗೂಗಲ್‌ನ ಸಾಮಾಜಿಕ ಜಾಲ ಗೂಗಲ್ ಪ್ಲಸ್ಸೇ ಜನಸಾಮಾನ್ಯರಿಗೆ ಬಾಗಿಲು ಹಾಕಿತು. ದುಡ್ಡು ಕೊಟ್ಟು ಕೊಂಡಿದ್ದ ಮೆಚ್ಚುಗೆಗಳೂ ಅದರ ಜೊತೆಗೇ ಹೋದವು, ರೀಫಂಡ್ ಇಲ್ಲದೆ.